ಅಂಗಳಕ್ಕೊಂದು ಮರ

“ಇನ್ನೊಂದ್ ಸಲ ಹಾಕು.”

“ವಿರ್ದಕ್ಕಾ, ಬೆಳಗ್ಗೆಯಿಂದ ಇದೇ ಆಯ್ತು. ಕೇಳಿ ಕೇಳಿ ನಂಗೇ ಬಾಯಿಪಾಠ ಆಗೋಗಿದೆ.”

“ಒಳ್ಳೇದಾಯ್ತಲ್ಲ. ನಾಳೆ ನಿನ್ ಮದುವೇಲಿ ಬೇರೆ ಕತೆಗಾರನ್ನ ಕರೆಸೋ ಖರ್ಚು ಉಳೀತು. ಹಾಕು.”

ರಿಸ್ಮಾನ್ ಗೊಣಗುತ್ತಲೇ ಗುಂಡಿ ಒತ್ತಿದ. ಕಾಫಿ ಎಲೆಯ ಕಷಾಯದಂಗಡಿಯ ಮೇಲಿನ ಆ ಇಕ್ಕಟ್ಟು ಕೋಣೆಯಲ್ಲಿ ತಾಮಿನಜ್ಜನ ದನಿ ಮತ್ತೆ ಎದ್ದಿತು. ದನಿಗೆ ಜೊತೆಯಾಗಿ ಬೆಂಕಿಪೆಟ್ಟಿಗೆಯ ತಾಳ. ಟಕ್ಕ, ಟಕ್ಕ, ಟಕಟಕ್ಕ. ಈ ಕಣಿವೆಯ ಕತೆಗಾರರಿಗೆ ಬೇರೆ ವಾದ್ಯ ಬೇಕಿಲ್ಲ. ಕಡ್ಡಿ ತುಂಬಿದ ಒಂದು ಪೆಟ್ಟಿಗೆ, ಬಡಿಯಲು ಎರಡು ಬೆರಳು, ಅಷ್ಟಿದ್ದರೆ ಬೆಳಗಿನ ತನಕ ಹಾಡುತ್ತಾರೆ.

ತಾಮಿನಜ್ಜ ಹಾಗೆಯೇ ಒಂದು ಮದುವೆಮನೆಯಲ್ಲಿ ಹಾಡಿ ಹೊರಟವರು ಮನೆ ಸೇರಿರಲಿಲ್ಲ. ಸಿನಾಮಾರ್ ನದಿಯ ಸೇತುವೆಯ ಕೆಳಗೆ ಅವರ ಬೆಂಕಿಪೆಟ್ಟಿಗೆ ಮಾತ್ರ ಸಿಕ್ಕಿತ್ತು.

ವಿರ್ದಾ ಮಂಡಿ ನೀವಿಕೊಂಡಳು. ಪೊಲೀಸು ಕೆಲಸ ಬಿಟ್ಟು ಊರಿಗೆ ಬಂದಾಗ ಅವಳು ಅಂದುಕೊಂಡಿದ್ದೇ ಬೇರೆ. ನಾಲ್ಕು ಕೋಳಿ ಸಾಕಬೇಕು, ಮಧ್ಯಾಹ್ನ ಊಟವಾದ ಮೇಲೆ ಒಂದು ನಿದ್ದೆ ತೆಗೆಯಬೇಕು. ಕೋಳಿಗಳನ್ನು ಮುಂಗುಸಿ ತಿಂದಿತು. ನಿದ್ದೆಯನ್ನು ಊರವರು ತಿಂದರು. ಯಾರದ್ದೋ ಎಮ್ಮೆ ಕಳೆದರೂ ಅವಳೇ ಬೇಕು, ಯಾರದ್ದೋ ಮಗಳು ಓಡಿಹೋದರೂ ಅವಳೇ ಬೇಕು. ಈಗ ಒಬ್ಬ ಮುದುಕ.

ಮುದುಕನನ್ನು ಹುಡುಕಿಕೊಡಿ ಎಂದು ಬಂದವಳು ಅವರ ತಂಗಿಯ ಮಗಳು ಗುಸ್ನಿ. ಸೋದರಮಾವ ಬದುಕಿದ್ದಾರೆ ಎಂಬ ಒಂದೇ ಹಟ ಅವಳದು. ಊರ ಪ್ರಾರ್ಥನಾಮಂದಿರವಾದ ಸುರಾವಿನ ಹಿರಿಯರು ಮಾತ್ರ ಇವತ್ತು ಸಂಜೆಯ ಮಗ್ರಿಬ್ ನಮಾಜಾದ ಮೇಲೆ ಸತ್ತವರ ಪ್ರಾರ್ಥನೆ ನಡೆಸುವುದೆಂದು ತೀರ್ಮಾನಿಸಿಬಿಟ್ಟಿದ್ದರು. ಆ ಪ್ರಾರ್ಥನೆಯೊಂದು ಮುಗಿಯಿತೋ, ಪೊಲೀಸರು ದೋಣಿ ಎತ್ತಿಟ್ಟು ಮನೆಗೆ ಹೋಗುತ್ತಾರೆ. ಆಮೇಲೆ ತಾಮಿನಜ್ಜನನ್ನು ಹುಡುಕುವವರು ಈ ಭೂಮಿಯ ಮೇಲೆ ಯಾರೂ ಇರುವುದಿಲ್ಲ.

“ನಿಲ್ಸು. ಇಲ್ಲಿ. ಹಿಂದೆ ಏನೋ ಕಿರುಗುಟ್ತಿದೆ, ಕೇಳಿಸ್ತಾ?”

“ನೀರಿನ ಚಕ್ರ. ಗದ್ದೆಗೆ ನೀರೆತ್ತೋದು. ನದಿ ಉದ್ದಕ್ಕೂ ಇವೆಯಲ್ಲ.”

“ಚಕ್ರ ಅಂತ ನಂಗೂ ಗೊತ್ತು. ಸರಿಯಾಗಿ ಕೇಳು.”

ಕಿರ್ರ್, ಕಿರ್ರ್, ಕಿರ್ರ್, ಆಮೇಲೆ ಒಂದು ಬಿಡುವು. ಮತ್ತೆ ಕಿರ್ರ್. ಒಂದು ಸುತ್ತಿನಲ್ಲಿ ಒಂದು ಕಡೆ ಸದ್ದೇ ಇಲ್ಲ.

ರಿಸ್ಮಾನ್ ಹುಬ್ಬು ಗಂಟಿಕ್ಕಿದ. “ಒಂದು ಹಲಗೆ ಮುರಿದಿದೆ.”

“ಯಾವಾಗ ಮುರೀತು?”

“ಯಾವಾಗ ಅಂದ್ರೆ… ನೆರೆ ಬಂದಾಗ. ಆರೇಳು ಚಕ್ರ ಹಾಳಾದವು. ನಮ್ ದೊಡ್ಡಪ್ಪಂದೂ…” ಅವನ ಮಾತು ಅಲ್ಲಿಗೇ ನಿಂತಿತು. “ಅಕ್ಕಾ! ನೆರೆ ಬಂದಿದ್ದು ಅಜ್ಜ ಹಾಡಿದ ಆ ಮದುವೆಯ ಮಾರನೇ ದಿನ!”

“ಹೂಂ.”

“ಅಂದ್ರೆ ಇದು ಹಳೇ ಧ್ವನಿಮುದ್ರಣ ಅಲ್ಲ. ಅಜ್ಜ ಕಾಣೆಯಾದ ಮೇಲೆ ಹಾಡಿರೋದು!”

“ಕೂಗ್ಬೇಡ. ಕೆಳಗೆ ಕಷಾಯ ಕುಡಿಯೋರಿಗೆ ಬೇರೆ ಕೆಲಸ ಇಲ್ಲ.”

ಹೇಳಿದ್ದು ಹಾಗೆ. ಆದರೆ ಅವಳ ಎದೆಯಲ್ಲೂ ಒಂದು ಹಲಗೆ ಜಾರಿದಂತಾಗಿತ್ತು. ಪೊಲೀಸ್ ಠಾಣೆಯವರು ‘ಯಾರೋ ಹಳೇದನ್ನ ತೆಗೆದು ಹಾಕಿರ್ತಾರೆ ಬಿಡಿ ಮೇಡಂ’ ಎಂದು ಕೈ ಒದರಿದ್ದರು. ಮುದುಕ ನದಿಯಿಂದ ಎದ್ದು ಬಂದಿದ್ದಾರೆ. ಎಲ್ಲೋ ಕೂತು, ಯಾರಿಗೋ ಕತೆ ಹೇಳಿದ್ದಾರೆ. ಆ ಯಾರೋ ಅದನ್ನು ಹೆಸರು ಹಾಕದೆ ರಿಸ್ಮಾನನ ಜಾಲತಾಣಕ್ಕೆ ಕಳಿಸಿದ್ದಾರೆ. ಯಾರು?

ರಿಸ್ಮಾನನ ಜಾಲತಾಣದ ಹೆಸರು ‘ರಂಕಿಯಾಂಗ್’, ಎಂದರೆ ಮನೆ ಮುಂದಿನ ಭತ್ತದ ಕಣಜ. ಕಣಿವೆಯ ಕತೆಗಳನ್ನೆಲ್ಲ ಅಲ್ಲಿ ತುಂಬಿಡುವುದು, ಎಲ್ಲಿಯ ಕತೆಗಾರನಾದರೂ ಬಂದು ಬೇಕಾದಷ್ಟು ಬೊಗಸೆ ತುಂಬಿಕೊಂಡು ಹೋಗುವುದು, ಇದು ಅವನ ಹುಚ್ಚು. ಒಳ್ಳೆಯ ಹುಚ್ಚೇ. ಉಳಿದ ತಾಣಗಳ ಕತೆ ಹಾಗಲ್ಲ. ಈ ವಾರವೆಲ್ಲ ವಿರ್ದಾ ಅವುಗಳಲ್ಲಿ ಅಲೆದು ಅಲೆದು ಕಣ್ಣು ಕೆಂಪು ಮಾಡಿಕೊಂಡಿದ್ದಳು. ಕುರಿಯ ಹಿಂದೆ ಕುರಿ. ಒಬ್ಬ ಬಿಟ್ಟ ಸಾಲನ್ನು ಎಲ್ಲರೂ ಬಿಟ್ಟಿದ್ದಾರೆ, ಒಬ್ಬ ಮಾಡಿದ ತಪ್ಪಿಗೆ ಎಲ್ಲರೂ ನಮಸ್ಕಾರ ಹಾಕಿದ್ದಾರೆ. ಕೆಳಗೆ ‘ಜನಪದ’ ಎಂದೊಂದು ಮಾತು. ರಾತ್ರಿಯಿಡೀ ಗಂಟಲು ಹರಿದುಕೊಂಡ ಮನುಷ್ಯನ ಹೆಸರಿಗೆ ಅಷ್ಟೂ ಪುಟಗಳಲ್ಲಿ ಜಾಗವಿಲ್ಲ.

ಆ ಸುಸ್ತಿನಲ್ಲಿಯೇ ಒಂದು ಸಂಗತಿ ಅವಳ ಕಾಲಿಗೆ ತೊಡರಿತ್ತು.

ಕತೆ ಒಂದೇ. ನೀರುಪಾಲಾದ ಅಣ್ಣನನ್ನು ಹುಡುಕಿ ಹೋದ ರಾಜಕುಮಾರಿ ಸಿಲಾರ, ವರ್ಷಗಳ ಮೇಲೆ ಕುದುರೆಯೇರಿ ತಾಯಿಮನೆಗೆ ಮರಳುತ್ತಾಳೆ. ಅಂಗಳದ ಮರಕ್ಕೆ ಕುದುರೆ ಕಟ್ಟಿ ಮೆಟ್ಟಿಲೇರುತ್ತಾಳೆ. ಎಲ್ಲ ಕಡೆಯೂ ಅದು ತಾಮಿನಜ್ಜನಿಂದ ಬಂದದ್ದೇ. ಆದರೆ ಅಂಗಳದ ಮರ ಮಾತ್ರ ಬೇರೆ ಬೇರೆ. ರಿಸ್ಮಾನನ ಹಳೆಯ ಧ್ವನಿಮುದ್ರಣದಲ್ಲಿ ಹಲಸಿನ ಮರ. ಪಾದಾಂಗ್ ಪಟ್ಟಣದ ಅಧ್ಯಾಪಕರೊಬ್ಬರ ಪುಟದಲ್ಲಿ ತೆಂಗಿನ ಮರ. ಅಜ್ಜನ ಶಿಷ್ಯ ಮುರ್ಸಲ್ ಮದುವೆಗಳಲ್ಲಿ ಹಾಡುವುದು ದಾಲ್ಚಿನ್ನಿ ಮರ.

ಈಗ ಬಂದಿರುವ ಹೊಸದರಲ್ಲಿ ಚಕ್ಕೋತದ ಮರ. ಅದು ಬೇರೆಲ್ಲೂ ಇಲ್ಲ.

“ವಯಸ್ಸಾಯ್ತು, ಮರ ಮರೆತು ಹೋಗಿರತ್ತೆ” ಎಂದ ರಿಸ್ಮಾನ್.

“ಸಿಲಾರಳ ಕುದುರೆಯ ಏಳು ತಲೆಮಾರಿನ ಹೆಸರು ಮರೀದೇ ಇರೋರು ಮರ ಮರೀತಾರಾ? ನೀನು ಯಾವತ್ತೂ ಅವರನ್ನ ಕೇಳ್ಲಿಲ್ವಾ?”

“ಕೇಳಿದ್ದೆ. ಹಲಸೋ ತೆಂಗೋ ಒಂದು ಹೇಳಿ ಅಜ್ಜಾ, ಜನ ನನ್ನ ಬೈತಾರೆ ಅಂದೆ. ನಕ್ಕುಬಿಟ್ರು. ‘ಅಂಗಳಕ್ಕೆ ಬರೋ ಕುದುರೆ ನೋಡ್ಕೊಂಡು ಮರ ನೆಡ್ಬೇಕು ಕಣೋ’ ಅಂದ್ರು. ಏನೋ ತಮಾಷೆ ಅಂತ ಸುಮ್ಮನಾದೆ.”

ವಿರ್ದಾ ಕಷಾಯ ತುಂಬಿದ ತೆಂಗಿನ ಕರಟವನ್ನು ಕೆಳಗಿಟ್ಟಳು.

ತಮಾಷೆಯಂತೆ! ಮುದುಕ ತನ್ನ ಕತೆಗೆ ಕಾವಲು ಇಟ್ಟಿದ್ದ. ಹೊರಗಿನವನೊಬ್ಬ ಕತೆ ಕೇಳಿಸಿಕೊಳ್ಳಲು ಬಂದರೆ ಅವನಿಗೆಂದೇ ಒಂದು ಮರ. ನಾಳೆ ಆ ಕತೆ ಎಲ್ಲೆಲ್ಲೋ ತಿರುಗಿ ಕಿವಿಗೆ ಬಿದ್ದರೆ, ಮರ ನೋಡಿದರೆ ಸಾಕು, ಯಾರ ಕೈಯಿಂದ ಹೋಯಿತೆಂದು ತಿಳಿಯುತ್ತದೆ. ಎಮ್ಮೆಗೆ ಬರೆ ಹಾಕುವುದಿಲ್ಲವೇ, ಹಾಗೆ.

ಹಾಗಾದರೆ ಚಕ್ಕೋತದ ಮರ ಯಾರದು?

“ಈ ಮರಗಳ ವಿಷಯ ಇನ್ಯಾರಿಗಾದ್ರೂ ಹೇಳಿದ್ಯಾ?”

“ಹೇಳೋದೇನು ಬಂತು, ತಾಣದಲ್ಲೇ ಇದೆಯಲ್ಲ. ಕಿವಿ ಇದ್ದೋರು ಕೇಳ್ಬಹುದು. ಆ ಮದುವೆಗೆ ಮುಂಚೆ ಮುರ್ಸಲ್ ಕೂಡ ನೀವು ಕೂತಿರೋ ಕುರ್ಚೀಲೇ ಕೂತು ಎಲ್ಲಾನೂ ಒಂದೊಂದಾಗಿ ಕೇಳ್ಕೊಂಡು ಹೋದ. ಕಷಾಯ ತರಿಸಿದ್ದೆ, ಮುಟ್ಟಲೂ ಇಲ್ಲ.”

ವಿರ್ದಾ ತಲೆಯಾಡಿಸಿದಳು. ಆ ಮಾತು ಕಿವಿಗೆ ಬಿತ್ತು, ಅಷ್ಟೇ. ಅವಳ ತಲೆಯ ತುಂಬ ಚಕ್ಕೋತವೇ ಇತ್ತು. ಆಮೇಲೆ ಅದಕ್ಕಾಗಿ ತನ್ನನ್ನೇ ಬೈದುಕೊಳ್ಳಬೇಕಾಯಿತು.

* * *

ಗುಸ್ನಿಯ ಮನೆಯಂಗಳದಲ್ಲಿ ಮುರ್ಸಲ್ ಸೌದೆ ಒಡೆಯುತ್ತಿದ್ದ. ನರೆತ ಕೂದಲಿಗೆ ಅಂಗವಸ್ತ್ರ ಸುತ್ತಿ, ಬೆವರಿನಿಂದ ತೊಯ್ದಿದ್ದ. ಪಕ್ಕದಲ್ಲಿ ಮೂರು ಕಲ್ಲಿನ ದೊಡ್ಡ ಒಲೆ, ಅದರ ಮೇಲೆ ಊರಿನ ಹಂಡೆ. ಒಲೆಯಲ್ಲಿ ಬೂದಿ ಕೂಡ ಇರಲಿಲ್ಲ.

“ಬನ್ನಿ ವಿರ್ದಕ್ಕಾ, ನೀವಾದ್ರೂ ಸ್ವಲ್ಪ ಬುದ್ಧಿ ಹೇಳಿ ಅವಳಿಗೆ. ಒಲೆ ಹಚ್ಚೋಕೇ ಬಿಡ್ತಿಲ್ಲ. ಸತ್ತೋರಿಗೆ ಮಾಡೋ ಅಡುಗೆ ನಮ್ ಮನೇಲಿ ಬೇಯೋದಿಲ್ಲ ಅಂತ ಕೂತಿದಾಳೆ. ಸಂಜೆ ಸುರಾವಿಂದ ಜನ ಬರ್ತಾರೆ, ಖಾಲಿ ತಟ್ಟೆ ಇಡೋಕಾಗತ್ತಾ?”

“ನಿನ್ ಗುರು ಅಲ್ವೇನೋ. ನಿಂಗೂ ಅನ್ಸಲ್ವಾ, ಬದುಕಿದ್ರೂ ಇರಬಹುದು ಅಂತ?”

ಮುರ್ಸಲ್ ಕೊಡಲಿ ಊರಿ ನಿಂತ. “ಅನ್ಸಿದ್ರೆ ನಂಗಿಂತ ಸಂತೋಷ ಪಡೋನು ಯಾರಿದ್ದಾರೆ ಅಕ್ಕ? ತಲೆ ನರೆಯೋ ತನಕ ಅವರ ಹಿಂದೆ ಚಾಪೆ ಹೊತ್ತೆ. ಆದ್ರೆ ನದಿ ತಗೊಂಡಿದ್ದನ್ನ ವಾಪಸ್ ಕೊಡತ್ತಾ?”

ಮಾತಿನಲ್ಲಿ ಕುಂದು ಹುಡುಕುವಂತಿರಲಿಲ್ಲ. ವಿರ್ದಾ ಮಂಡಿಯನ್ನು ಶಪಿಸುತ್ತ ಮೆಟ್ಟಿಲು ಹತ್ತಿ ಒಳಗೆ ಹೋದಳು. ಹಿಂದೆ ಕೊಡಲಿಯ ಸದ್ದು ಮತ್ತೆ ಶುರುವಾಯಿತು.

ಅಡುಗೆಮನೆಯಲ್ಲಿ ಗುಸ್ನಿ ಸಣ್ಣ ಗ್ಯಾಸ್ ಒಲೆಯ ಮುಂದೆ ಕೂತು ಅನ್ನ ಮಸೆಯುತ್ತಿದ್ದಳು. ಅತ್ತು ಅತ್ತು ಮುಖ ಊದಿತ್ತು.

“ಏನಾದ್ರೂ ಗೊತ್ತಾಯ್ತಾ ಅಕ್ಕ?”

“ಗೊತ್ತಾಗೋದೇನು. ಸಾಕಾಗಿದೆ ಗುಸ್ನಿ. ಇಡೀ ವಾರ ಅದೇ ಕತೆ ಕೇಳಿ ಕೇಳಿ ಕನಸಲ್ಲೂ ಆ ಹಾಳು ಕುದುರೆ ಬರ್ತಿದೆ.” ವಿರ್ದಾ ಗೋಡೆಗೊರಗಿ ಕಾಲು ಚಾಚಿದಳು. “ಆ ಹೊಸ ಹಾಡು ಕೇಳಿದ್ಯಾ ನೀನು, ತಾಣದಲ್ಲಿ ಬಂದಿರೋದು?”

“ಇಲ್ಲಪ್ಪ. ಆ ದನಿ ಕೇಳಿದ್ರೆ ನನ್ನೆದೆ ಒಡೆದುಹೋಗತ್ತೆ.”

“ಅದೂ ಸರಿ ಅನ್ನು. ನಿಂಗೆ ಆ ಕತೆ ಬರತ್ತೇನೇ?”

“ನಂಗೆಲ್ಲಿ ಬರತ್ತೆ? ನಮ್ ಮಾವ ಹೆಣ್ಮಕ್ಕಳಿಗೆ ಹೇಳ್ತಿರ್ಲಿಲ್ಲ ಅಂತ ಅವತ್ತೇ ಹೇಳಿದ್ನಲ್ಲ.”

“ಹೌದು, ಹೇಳಿದ್ದೆ. ನಂಗೋ, ಆ ಕೊನೇ ಭಾಗ ಬಂದ್ರೆ ಗಂಟಲು ಕಟ್ಟತ್ತೆ. ಪಾಪದ ಹುಡುಗಿ, ಅಷ್ಟು ದೂರದಿಂದ ಬಂದು, ಆ ಹಲಸಿನ ಮರಕ್ಕೆ ಕುದುರೆ ಕಟ್ಟಿ…”

“ಹಲಸಲ್ಲ ಅಕ್ಕ, ಚಕ್ಕೋತ.”

ಹೇಳಿ ಗುಸ್ನಿ ಅನ್ನಕ್ಕೆ ನೀರು ಹಾಕಿದಳು. ಕತೆ ಗೊತ್ತಿರುವವರ ಕಾಯಿಲೆಯೇ ಇದು. ಕೊರಳಿಗೆ ಕತ್ತಿ ಬಂದರೂ ಸರಿ, ಕತೆಯಲ್ಲಿ ತಪ್ಪು ಕೇಳಿಸಿಕೊಂಡು ಸುಮ್ಮನಿರಲಾರರು.

ವಿರ್ದಾಳಿಗೆ ಸಂತೋಷವೇನೂ ಆಗಲಿಲ್ಲ. ಚಾಚಿದ ಕಾಲು ಮಡಚಿ ನೆಟ್ಟಗೆ ಕೂತಳು.

“ಯಾರು ಹೇಳಿದ್ದು ಚಕ್ಕೋತ ಅಂತ?”

“ಯಾರು ಅಂದ್ರೆ… ಎಲ್ಲರೂ ಹಾಡ್ತಾರಲ್ಲ.”

“ಯಾರೂ ಹಾಡಲ್ಲ. ಮುರ್ಸಲ್ ದಾಲ್ಚಿನ್ನಿ ಅಂತಾನೆ, ರಿಸ್ಮಾನ್ ಹತ್ರ ಇರೋದು ಹಲಸು, ಪಾದಾಂಗಿನೋರದ್ದು ತೆಂಗು. ಚಕ್ಕೋತ ಇರೋದು ಒಂದೇ ಕಡೆ. ನೀನು ಕೇಳೇ ಇಲ್ಲ ಅಂದ್ಯಲ್ಲ, ಆ ಹೊಸ ಹಾಡಲ್ಲಿ.”

ಸೌಟು ಗುಸ್ನಿಯ ಕೈಯಲ್ಲೇ ನಿಂತಿತು.

“ಅವರೆಲ್ಲ ತಪ್ಪು ಹಾಡ್ತಾರೆ!” ಎಂದಳು. “ಸಣ್ಣೋಳಿದ್ದಾಗಿಂದ ಮಾವ ನಂಗೆ ಚಕ್ಕೋತ ಅಂತಾನೇ ಹೇಳಿರೋದು. ಮಂದಿಗೆ ಏನಾದ್ರೂ ಹೇಳ್ಲಿ, ಮನೆಯೋಳಿಗೆ ಸುಳ್ಳು ಹೇಳ್ತಾರಾ? ನಿಜವಾದ ಕತೆ ನನ್ನ ಹತ್ರಾನೇ ಇರೋದು!”

“ಗುಸ್ನಿ.” ಈ ಮಾತು ಆಡದೇ ಇರುವಂತಿದ್ದರೆ ಎಂದು ವಿರ್ದಾಳಿಗೆ ಅನ್ನಿಸಿತು. “ಅವರು ಒಬ್ಬೊಬ್ಬರಿಗೆ ಒಂದೊಂದು ಮರ ನೆಟ್ಟಿದ್ದಾರೆ. ಕತೆ ಯಾರ ಬಾಯಿಂದ ಆಚೆ ಹೋಯ್ತು ಅಂತ ಗುರುತು ಹಿಡಿಯೋಕೆ. ಚಕ್ಕೋತ ನಿನ್ನ ಮರ.”

ಗುಸ್ನಿ ಸೌಟನ್ನು ಕೆಳಗಿಟ್ಟಳು.

“ನಂಗೂನಾ?” ಎಂದಳು. “ನಾನೂ ಹೊರಗಿನವಳೇನಾ? ಅವರ ಬಟ್ಟೆ ಒಗೆದೋಳು, ಕಾಲು ಒತ್ತಿದೋಳು… ನಂಗೂ ಒಂದ್ ಮರಾನಾ ಅಕ್ಕ?”

ವಿರ್ದಾ ಅವಳ ಬೆನ್ನ ಮೇಲೆ ಕೈಯಿಟ್ಟಳು. ಅಲ್ಲಿದ್ದ ಅನ್ನವನ್ನು ನೋಡಿದಳು. ಗಂಜಿಯಂತೆ ಮೆತ್ತಗೆ ಬೆಂದಿತ್ತು. ಪಕ್ಕದ ಬಟ್ಟಲಲ್ಲಿ ಮೀನು, ಮೆಣಸಿನಕಾಯಿಯ ಸುಳಿವೇ ಇಲ್ಲ. ಈ ಕಣಿವೆಯಲ್ಲಿ ಹಾಲುಗಲ್ಲದ ಕೂಸೂ ಅಂಥದ್ದನ್ನು ಮುಟ್ಟುವುದಿಲ್ಲ. ಹಲ್ಲಿಲ್ಲದ, ಹೊಟ್ಟೆಹುಣ್ಣಿನ ಮುದುಕನೊಬ್ಬನನ್ನು ಬಿಟ್ಟು. ಪೊಟ್ಟಣ ಕಟ್ಟಲು ಬಾಡಿಸಿದ ಬಾಳೆಎಲೆ ಬುಟ್ಟಿಯ ಕೆಳಗಿಂದ ಇಣುಕುತ್ತಿತ್ತು.

“ಅವರು ಬದುಕಿದ್ದಾರೆ ಅಂತ ನೀನು ಹಟ ಹಿಡಿದಿದ್ದಲ್ಲ ಗುಸ್ನಿ. ನಿಂಗೆ ಗೊತ್ತಿತ್ತು. ಎಲ್ಲಿಟ್ಟಿದ್ದೀಯ?”

ಗುಸ್ನಿಯ ಕಣ್ಣಿಂದ ನೀರು ಸುರಿಯಿತು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಪಿಸುಗುಟ್ಟಿದಳು.

“ಬೆಳಗಿನ ಜಾವ ಬಂದ್ರು. ಮೈಯೆಲ್ಲಾ ಒದ್ದೆ. ಸೇತುವೆ ಮೇಲಿಂದ ಯಾರೋ ಹಿಂದಿನಿಂದ ದಬ್ಬಿದ್ರಂತೆ. ‘ಯಾರಿಗೂ ಹೇಳ್ಬೇಡ, ಸತ್ತೆ ಅಂತಾನೇ ತಿಳ್ಕೊಳ್ಳಲಿ, ಆಗ ಅವನೇ ಬಾಯಿ ಬಿಡ್ತಾನೆ’ ಅಂದ್ರು. ಚಕ್ರದ ಹತ್ರ ನಮ್ ಹಳೇ ಗದ್ದೆ ಗುಡಿಸಲು ಇದೆಯಲ್ಲ, ಅಲ್ಲಿಟ್ಟೆ.”

“ನಂಗೂ ಹೇಳ್ಲಿಲ್ಲ. ಹುಡುಕಿಕೊಡಿ ಅಂತ ಕಾಲಿಗೆ ಬಿದ್ದೋಳು ನೀನೇ!”

“ದಬ್ಬಿದೋನನ್ನ ಹುಡುಕಲಿ ಅಂತ ಬಿದ್ದೆ. ಬದುಕಿದ್ದಾರೆ ಅಂದ್ರೆ ನೀವು ಠಾಣೆಗೆ ಹೇಳ್ತಿದ್ರಿ. ಠಾಣೆಗೆ ಹೇಳೋದೂ ಒಂದೇ, ಸಂತೇಲಿ ಡಂಗುರ ಹೊಡಿಸೋದೂ ಒಂದೇ.”

ಅದು ಸುಳ್ಳಲ್ಲ. ಗುಸ್ನಿ ಮುಂದುವರಿಸಿದಳು.

“ನೀರು ಕುಡಿದಿದ್ರು, ಕೆಮ್ಮು ಹಿಡೀತು. ಹೋಗಿಬಿಡ್ತಾರೇನೋ, ಹೋದ್ರೆ ಕತೆ ಅವರ ಜೊತೇನೇ ಹೋಗತ್ತಲ್ಲ ಅಂತ ಭಯ ಆಯ್ತು. ಹೊಸ ಬೆಂಕಿಪೆಟ್ಟಿಗೆ ಕೊಟ್ಟು ‘ಒಂದ್ಸಲ ಹೇಳಿ ಮಾವ’ ಅಂದೆ. ಮೊಬೈಲಲ್ಲಿ ಹಿಡ್ಕೊಂಡೆ. ಮೊಬೈಲು ನೀರಿಗೆ ಬಿದ್ರೆ? ಕಳೆದುಹೋದ್ರೆ? ಕಣಜದಲ್ಲಿದ್ರೆ ಹಾಳಾಗಲ್ಲ ಅಂತ ರಿಸ್ಮಾನನ ತಾಣಕ್ಕೆ ಕಳಿಸಿಬಿಟ್ಟೆ. ಚಕ್ರದ ಸದ್ದು ನಂಗೆ ಕೇಳಿಸ್ಲೇ ಇಲ್ಲ ಅಕ್ಕ. ದಿನಾ ಕೇಳಿದ್ದು ಎಲ್ಲಿ ಕಿವಿಗೆ ಬೀಳತ್ತೆ?”

ಕೇಳಿಸಬೇಕಾದವನಿಗೆ ಕೇಳಿಸಿರುತ್ತದೆ, ಎಂದುಕೊಂಡಳು ವಿರ್ದಾ. ಸತ್ತನೆಂದು ನೆಮ್ಮದಿಯಾಗಿದ್ದವನಿಗೆ, ಮುದುಕ ಬದುಕಿದ್ದಾನೆ, ಇಂಥ ಕಡೆ ಇದ್ದಾನೆ ಎಂದು ಈ ಹುಡುಗಿಯೇ ಊದಿ ಹೇಳಿದಂತಾಯಿತು. ಬೈಯುವ ಬದಲು ಮಂಡಿಗೆ ಕೈಯೂರಿ ಎದ್ದಳು.

“ಏಳು. ಈಗಲೇ ಹೋಗೋಣ. ಅವರೇ ಬಂದು ಈ ಅಂಗಳದಲ್ಲಿ ನಿಂತ್ರೆ ಯಾರ ಪ್ರಾರ್ಥನೆ, ಯಾರ ಅಡುಗೆ!”

ಗುಸ್ನಿ ಏಳಲಿಲ್ಲ.

“ನಿಜವಾದ ಅಂಗಳದಲ್ಲಿ ಯಾವ ಮರ ಇತ್ತು ಅಕ್ಕ?”

“ನಂಗೇನು ಗೊತ್ತು? ಅವರನ್ನೇ ಕೇಳು. ಅದನ್ನ ಹೇಳೋಕಾದ್ರೂ ಅವರು ಬದುಕಿರ್ಬೇಕು. ಏಳು ಅಂದ್ನಲ್ಲ.”

“ಇವತ್ತು ಮಧ್ಯಾಹ್ನ ಹೋಗಿದ್ದೆ.” ಗುಸ್ನಿ ನೆಲ ನೋಡುತ್ತ ಹೇಳಿದಳು. “ಒಳಗೆ ಅವರಿರ್ಲಿಲ್ಲ. ನಿನ್ನೆ ಕೊಟ್ಟ ಅನ್ನದ ಪೊಟ್ಟಣ ಹಾಗೇ ಇತ್ತು. ಕಟ್ಟೂ ಬಿಚ್ಚಿಲ್ಲ. ಎಲ್ಲೋ ಆಚೆ ಹೋಗಿರ್ತಾರೆ, ಬರ್ತಾರೆ ಅಂದ್ಕೊಂಡು ಇವತ್ತಿಗೂ ಬೇಯಿಸ್ತಾ ಕೂತಿದೀನಿ. ಇನ್ನೇನು ಮಾಡ್ಲಿ?”

ಹೊರಗೆ ಕೊಡಲಿಯ ಸದ್ದು ನಿಂತಿತ್ತು. ಯಾವಾಗ ನಿಂತಿತೆಂದು ವಿರ್ದಾ ಗಮನಿಸಿರಲಿಲ್ಲ.

“ಇನ್ನೇನಾದ್ರೂ ಇತ್ತಾ ಅಲ್ಲಿ?”

ಗುಸ್ನಿ ಸೊಂಟದ ಗಂಟು ಬಿಚ್ಚಿ ಒಂದು ಬೆಂಕಿಪೆಟ್ಟಿಗೆ ತೆಗೆದಳು. “ಪೊಟ್ಟಣದ ಕೆಳಗೆ ತಳ್ಳಿಟ್ಟಿದ್ರು. ನಾನೇ ಕೊಟ್ಟಿದ್ದು, ಹೊಸದು. ಕಡ್ಡಿಯೆಲ್ಲಾ ನೆಲದ ಮೇಲೆ ಸುರಿದಿದೆ. ಒಳಗೆ ಇದನ್ನ ಹಾಕಿಟ್ಟಿದಾರೆ. ಕೆಮ್ಮಿಗೆ ಚೀಪ್ತಿದ್ರೇನೋ.”

ವಿರ್ದಾ ಪೆಟ್ಟಿಗೆಯನ್ನು ತೆರೆದಳು. ಬೆರಳುದ್ದದ ಒಂದು ತೊಗಟೆ. ಹಸಿಯಾಗಿ ಕಿತ್ತದ್ದು, ಚೀಪಿದ ಗುರುತಿಲ್ಲ. ಮೂಗಿಗೆ ಹಿಡಿಯುವ ಮೊದಲೇ ವಾಸನೆ ಬಂತು.

ದಾಲ್ಚಿನ್ನಿ.

ಎಲ್ಲರ ಮರಗಳನ್ನೂ ಕೇಳಿ, ತನಗೂ ಒಂದು ನೆಟ್ಟಿದ್ದಾರೆಂದು ತಿಳಿದು, ಕಷಾಯ ಮುಟ್ಟದೆ ಎದ್ದುಹೋದವನ ಮರ. ಮುದುಕನಿಗೆ ಕೂಗಲು ಬಿಡುವಿರಲಿಲ್ಲ. ಒಂದು ಮರ ನೆಡಲು ಮಾತ್ರ ಬಿಡುವಿತ್ತು.

ಮೆಟ್ಟಿಲು ಕಿರುಗುಟ್ಟಿತು. ಬಾಗಿಲಲ್ಲಿ ನೆರಳು ಬಿತ್ತು. ಮುರ್ಸಲ್ ಅಂಗವಸ್ತ್ರದಿಂದ ಮುಖ ಒರೆಸಿಕೊಳ್ಳುತ್ತ ಒಳಗೆ ಇಣುಕಿದ. ಮುಖದಲ್ಲಿ ದಣಿವಿತ್ತು, ನಗುವೂ ಇತ್ತು.

“ಸೌದೆ ಎಲ್ಲಾ ಜೋಡಿಸಿ ಆಯ್ತು ಗುಸ್ನಿ” ಎಂದ. “ಎಲ್ಲಿ, ಆ ಬೆಂಕಿಪೆಟ್ಟಿಗೆ ಇಲ್ಲಿ ಕೊಡು. ಒಲೆ ಹಚ್ತೀನಿ.”